ಹಲಸಿನ ಮರದಡಿ ನಿಂತಿದ್ದ ಪಿಕಪ್
(ಟ್ರಸ್ಟಿನ ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಪಿಕಪ್ ದುರಸ್ತಿ ಮಾಡಿದ ಇಬ್ಬರು ಸ್ನೇಹಿತರ ಪರವಾಗಿ ಮಾಡಿದ ಭಾಷಣ)





ವೇದಿಕೆಯಲ್ಲಿ ಮಾತನಾಡಿ ನಮಗೆ ಅಭ್ಯಾಸವಿಲ್ಲ. "ಪಿಕಪ್ ವಿಷಯ ಹೇಳಿ, ಸಾಕು" ಎಂದು ಕಾರ್ಯದರ್ಶಿಯವರು ಧೈರ್ಯ ಕೊಟ್ಟಿದ್ದಾರೆ. ಅದನ್ನೇ ಹೇಳುತ್ತೇವೆ.

ಟ್ರಸ್ಟಿನ ಟಾಟಾ 207 ನಿಮಗೆಲ್ಲ ಗೊತ್ತು. ರಮಝಾನ್ ಕಿಟ್, ಶಾಲೆ ಶುರುವಾಗುವಾಗ ಪುಸ್ತಕದ ಕಟ್ಟು, ಮಳೆಗಾಲದಲ್ಲಿ ಅಕ್ಕಿ ಮೂಟೆ ಎಲ್ಲ ಅದರಲ್ಲೇ ಬರುತ್ತಿತ್ತು. ಅದರ ಹಾರ್ನ್ ಕೇಳಿ ಚೀಲ ಹಿಡಿದು ಓಡಿದ ಮಕ್ಕಳಲ್ಲಿ ನಾವಿಬ್ಬರೂ ಇದ್ದೆವು. ಚಾಲಕರು ಗಲ್ಫಿಗೆ ಹೋದ ಮೇಲೆ ಅದು ಮದ್ರಸದ ಹಿಂದೆ ಹಲಸಿನ ಮರದಡಿ ನಿಂತಿತು. ನಾಲ್ಕು ಮಳೆಗಾಲ ಕಳೆದವು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಆಗ ನಾವು ಸಮಿತಿಯ ಮುಂದೆ ನಿಂತು ಮೂರು ತಿಂಗಳ ಅವಕಾಶ ಕೇಳಿದೆವು.

ನಮ್ಮ ವಿಷಯವನ್ನೂ ಹೇಳಬೇಕು. ಮದ್ರಸದಲ್ಲಿ ನಾವು ಒಂದೇ ಬೆಂಚಿನವರು. ನಮ್ಮಲ್ಲೊಬ್ಬ ಇದೇ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ. ಇನ್ನೊಬ್ಬ, ತಂದೆ ಹಾಸಿಗೆ ಹಿಡಿದಾಗ ಒಂಬತ್ತನೇ ತರಗತಿ ಬಿಟ್ಟು ಗ್ಯಾರೇಜು ಸೇರಿದ. ಒಬ್ಬನ ಹೆಸರು ಈ ವರದಿಯಲ್ಲಿ ವರ್ಷವೂ ಬಂತು. ಇನ್ನೊಬ್ಬನದು ಒಮ್ಮೆಯೂ ಬರಲಿಲ್ಲ. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಆದರೆ ಎದುರು ಸಿಕ್ಕಾಗ ಸಲಾಂ ಹೇಳಿ ದಾಟಿಹೋಗುವಷ್ಟಕ್ಕೇ ಸ್ನೇಹ ಬಂದು ನಿಂತಿತ್ತು.

ಬಾನೆಟ್ ಎತ್ತಿದರೆ ಇಲಿಗಳು ವೈರಿಂಗ್ ಕಡಿದು ಗೂಡು ಕಟ್ಟಿದ್ದವು. ಡೀಸೆಲ್ ಟ್ಯಾಂಕಿನಲ್ಲಿ ನೀರು ಮತ್ತು ತುಕ್ಕು. ಕ್ಯಾಬಿನ್ನಿನ ತಳ ಕಾಲಿಟ್ಟರೆ ಮುರಿಯುವಂತಿತ್ತು. ಟೈರು ಅಷ್ಟೇನೂ ಸವೆದಿರಲಿಲ್ಲ, ಆದರೆ ಪಕ್ಕಗಳಲ್ಲಿ ಬಿರುಕು ಬಿಟ್ಟಿತ್ತು. ಓಡಿ ಸವೆದದ್ದಕ್ಕಿಂತ ನಿಂತು ಹಾಳಾದದ್ದೇ ಹೆಚ್ಚು.

ಜುಮಾ ನಂತರ ಮತ್ತು ಭಾನುವಾರಗಳಂದು ಕೆಲಸ ಮಾಡಿದೆವು. ಇಂಜೆಕ್ಟರ್ ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ ಎಂದು ಮೊದಲು ನೋಡಿದೆವು. ತಿರುಗಿತು, ಅಲ್‌ಹಮ್ದುಲಿಲ್ಲಾಹ್. ಟ್ಯಾಂಕ್ ಇಳಿಸಿ ತೊಳೆದೆವು, ಫಿಲ್ಟರ್ ಬದಲಿಸಿದೆವು, ತಳಕ್ಕೆ ಹೊಸ ಶೀಟ್ ಕತ್ತರಿಸಿ ವೆಲ್ಡ್ ಮಾಡಿಸಿದೆವು. ಡೀಸೆಲ್ ಲೈನಿನಲ್ಲಿ ಗಾಳಿ ಉಳಿದರೆ ಎಂಜಿನ್ ಹಿಡಿಯುವುದಿಲ್ಲ. ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತುತ್ತಲೇ ಇರಬೇಕು. ಒತ್ತುತ್ತಾ ಕುಳಿತಾಗ ಹಳೆಯ ಮಾತುಗಳೆಲ್ಲ ಹೊರಬಂದವು.

ಎಂಜಿನ್ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆದಾಗ ಮಸೀದಿಯಲ್ಲಿದ್ದವರೆಲ್ಲ ಓಡಿ ಬಂದರು. ರಮಝಾನಿಗೆ ಒಂದೇ ವಾರವಿತ್ತು. "ಕಿಟ್ ಇದರಲ್ಲೇ ಹೋಗಲಿ" ಎಂದು ಹಿರಿಯರೊಬ್ಬರು ಹೇಳಿದರು. ಡಿಪ್ಲೊಮಾದವನು ಖುಷಿಯಲ್ಲಿ ಆಯಿತು ಎಂದುಬಿಟ್ಟ. ಗ್ಯಾರೇಜಿನವನು ಮಾತನಾಡದೆ ಹಿಂದಿನ ಚಕ್ರದ ಡ್ರಮ್ ಬಿಚ್ಚಿದ. ಒಳಗೆ ವೀಲ್ ಸಿಲಿಂಡರ್ ತುಕ್ಕು ಹಿಡಿದು, ಬ್ರೇಕ್ ಆಯಿಲ್ ಸೋರಿ ಲೈನರೆಲ್ಲ ಒದ್ದೆಯಾಗಿತ್ತು. "ಹಾಜಿಕ್ಕಾ, ಅಕ್ಕಿ ತಡವಾದರೆ ಬೈಗುಳ ತಿನ್ನುತ್ತೇವೆ. ಇಳಿಜಾರಿನಲ್ಲಿ ಬ್ರೇಕ್ ಹೋದರೆ ಮಯ್ಯತ್ ಹೊರಬೇಕಾಗುತ್ತದೆ" ಎಂದ. ಆ ವರ್ಷದ ಕಿಟ್ ಬಾಡಿಗೆ ವಾಹನದಲ್ಲಿ ಹೋಯಿತು. ಕೆಲವರು ಮುನಿಸಿಕೊಂಡರು. ಬೇಡ ಎಂದು ಹೇಳಬೇಕಾದದ್ದು ಓದಿದವನು. ಹೇಳಿದವನು ಶಾಲೆ ಬಿಟ್ಟವನು. ಇದನ್ನು ನಾವಿಬ್ಬರೂ ಒಪ್ಪಿಕೊಂಡೇ ಇಲ್ಲಿ ಹೇಳುತ್ತಿದ್ದೇವೆ.

ಬ್ರೇಕ್, ಟೈರು ಎಲ್ಲ ಸರಿಯಾದ ಮೇಲೆ ಕಾಗದದ ಕೆಲಸ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ತೆರಿಗೆ ಬಾಕಿ, ಇನ್ಶೂರೆನ್ಸ್, ಅರ್ಜಿಗಳನ್ನು ಡಿಪ್ಲೊಮಾದವನು ನೋಡಿಕೊಂಡ. ಪಕ್ಕದಲ್ಲಿ ಕುಳಿತ ಇನ್ನೊಬ್ಬ ಕೇಳಿದ: "ನನಗೂ ಇದೆಲ್ಲ ಓದಲು ಬರಬೇಕಿತ್ತಲ್ಲ?"

ಎಫ್‌ಸಿ ಆಯಿತು. ಈ ವರ್ಷದ ಪುಸ್ತಕಗಳು ನಮ್ಮ ಪಿಕಪ್ಪಿನಲ್ಲೇ ಬಂದಿವೆ. ಖರ್ಚಿನ ಲೆಕ್ಕವನ್ನು ರಶೀದಿ ಸಹಿತ ಖಜಾಂಚಿಯವರಿಗೆ ಒಪ್ಪಿಸಿದ್ದೇವೆ. ಅದು ನಿಮ್ಮ ಅಮಾನತ್.

ಗ್ಯಾರೇಜಿನ ಗೆಳೆಯ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆದ. ಗಣಿತ ಉಳಿದಿದೆ, ಮತ್ತೆ ಬರೆಯುತ್ತಾನೆ. ಪಾಸಾದರೆ ಐಟಿಐಯಲ್ಲಿ ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್ ಕೋರ್ಸಿಗೆ ಸೇರಬಹುದು. ಆದರೆ ನಮ್ಮ ವಿದ್ಯಾರ್ಥಿವೇತನದ ಅರ್ಜಿ ಕೇಳುತ್ತಿದ್ದುದು ಹಿಂದಿನ ವರ್ಷದ ಅಂಕ ಮಾತ್ರ. ನಡುವೆ ನಿಂತುಹೋದವನಿಗೆ ಅಲ್ಲಿ ಬರೆಯಲು ಏನೂ ಇರಲಿಲ್ಲ. ನಾವು ವಿನಂತಿಸಿದೆವು. ಸಮಿತಿ ಒಪ್ಪಿ, ಈ ಬಾರಿಯ ಅರ್ಜಿಯಲ್ಲಿ ಓದು ನಿಲ್ಲಿಸಿ ಮತ್ತೆ ಸೇರುವವರಿಗೂ ಕೈಕೆಲಸ ಕಲಿಯುವವರಿಗೂ ಒಂದು ಕಾಲಂ ಸೇರಿಸಿದೆ. ಸಮಿತಿಗೆ ಜಝಾಕುಮುಲ್ಲಾಹು ಖೈರನ್.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂತಹ ಹುಡುಗ ಹುಡುಗಿಯರಿದ್ದರೆ ಅರ್ಜಿ ಒಯ್ದು ಕೊಡಿ. ತುಂಬಲು ಬಾರದಿದ್ದರೆ ಭಾನುವಾರ ಅಸರ್ ನಂತರ ಹಲಸಿನ ಮರದಡಿ ಬನ್ನಿ, ನಾವಿಬ್ಬರೂ ಅಲ್ಲೇ ಇರುತ್ತೇವೆ. ಗಣಿತ ಹೇಳಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಅವರೂ ಬರಲಿ.

ಅಲ್ಲಾಹನು ನಮ್ಮೆಲ್ಲರ ಸತ್ಕರ್ಮಗಳನ್ನು ಸ್ವೀಕರಿಸಲಿ, ಆಮೀನ್. ವಸ್ಸಲಾಮ್.