ಪಾಲು ಬಿಟ್ಟುಕೊಡುವ ಪ್ರೀತಿ

ಜಪಾನಿನ ಎಯಿಚಿರೊ ಓಡಾ 1997ರಿಂದ ಬರೆಯುತ್ತಿರುವ ಚಿತ್ರಕಥೆ ‘ಒನ್ ಪೀಸ್’. ಅದು ಕಡಲುಗಳ್ಳರ ಸಾಹಸದ ಕಥೆ. ಆದರೂ ಅದರ ತುಂಬ ಪ್ರೀತಿಯೇ.

ಬೆಲ್‌ಮೇರ್ ಎಂಬಾಕೆ ಆ ಕಥೆಯಲ್ಲಿ ಇಬ್ಬರು ಅನಾಥ ಹುಡುಗಿಯರನ್ನು ಸಾಕಿದವಳು. ಕಡಲುಗಳ್ಳರು ಬಂದು, ಪ್ರಾಣ ಉಳಿಯಬೇಕಾದರೆ ತಲೆಗಿಷ್ಟು ಹಣ ಕೊಡಿ ಎಂದು ಕೇಳುತ್ತಾರೆ. ಅವಳಲ್ಲಿದ್ದ ಹಣ ಎಲ್ಲರಿಗೂ ಸಾಲದು. ತನಗೆ ಮಕ್ಕಳೇ ಇಲ್ಲ ಎಂದಿದ್ದರೆ ಅವಳು ಬದುಕುತ್ತಿದ್ದಳು. ಹಾಗೆನ್ನಲು ಮನಸ್ಸು ಬರಲಿಲ್ಲ. ಆ ಹಣವನ್ನು ಮಕ್ಕಳ ಹೆಸರಿಗೆ ಕಟ್ಟಿ, ತಾನು ಪ್ರಾಣ ಕೊಟ್ಟಳು.

ಇನ್ನೊಬ್ಬ ಜೆಫ್. ಹಡಗು ಒಡೆದು ಬಂಡೆಯ ಮೇಲೆ ಸಿಲುಕಿದಾಗ, ಇದ್ದ ಆಹಾರವನ್ನೆಲ್ಲ ಜೊತೆಗೆ ಸಿಲುಕಿದ್ದ ಪುಟ್ಟ ಹುಡುಗನಿಗೇ ಕೊಡುತ್ತಾನೆ. ಬಾಯಲ್ಲಿ ಮಾತ್ರ, ದೊಡ್ಡ ಪಾಲು ತನ್ನದೆಂದು ಗದರುತ್ತಾನೆ.

ಪ್ರೀತಿ ಹೀಗೂ ಇರುತ್ತದೆ. ಇಂದು ಮನೆಯಲ್ಲಿ ಯಾರಾದರೂ ಗದರಿದರೆ, ಅವರು ನಮಗಾಗಿ ಏನು ಬಿಟ್ಟುಕೊಟ್ಟಿದ್ದಾರೆಂದೂ ಒಮ್ಮೆ ನೋಡೋಣ.