ಮಕ್ಕಳ ಪ್ರಾಜೆಕ್ಟ್ ಯಾರ ಕೈಯಿಂದ ಆಗಬೇಕು?

(ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಹೊಲದ ಕೆಲಸ ಬಿಟ್ಟು ಬಂದವರೂ ಇದ್ದೀರಿ. ಅದಕ್ಕೆ ಬಹಳ ಉದ್ದ ಮಾತಾಡೂದಿಲ್ಲ.

ಸಂಘಗಳ ಸಾಲದ ಪುಸ್ತಕ ನೋಡುವಾಗ ನಮಗೆ ಒಂದು ಮಾತು ಎದ್ದು ಕಾಣುತ್ತದೆ. ಸಾಲದ ಉದ್ದೇಶ ಎಂಬ ಕಡೆ ಎಮ್ಮೆ, ಹೊಲಿಗೆ ಯಂತ್ರ, ಬೀಜ-ಗೊಬ್ಬರ ಇವುಗಳ ಜೊತೆಗೆ 'ಮಕ್ಕಳ ಫೀ' ಎಂದು ಬರೆದಿರುತ್ತದೆ. ಜೂನ್ ತಿಂಗಳಲ್ಲಂತೂ ಅದೇ ಹೆಚ್ಚು. ಮಕ್ಕಳು ಓದಲಿ ಅಂತ ಸಾಲ ತೆಗೆಯುವುದು ತಪ್ಪಲ್ಲ. ಆದರೆ ಫೀ ಕಟ್ಟಿದ ಮೇಲೆ ಇನ್ನೊಂದು ಖರ್ಚು ಬರ್ತದ, ಅದರ ಹೆಸರು ಪ್ರಾಜೆಕ್ಟ್. ಥರ್ಮೋಕೋಲ್, ಬಣ್ಣದ ಹಾಳೆ, ಅಂಟು, ಮಿಂಚಿನ ಪುಡಿ. ರಾತ್ರಿ ಹನ್ನೊಂದು ಗಂಟೆಗೆ ಅವ್ವ ಕತ್ತರಿಸ್ತಾಳ, ಅಕ್ಕ ಅಂಟಿಸ್ತಾಳ, ಪ್ರಾಜೆಕ್ಟಿನ ಯಜಮಾನ ನಿದ್ದಿ ಮಾಡಿರ್ತಾನ. ಮುಂಜಾನೆ ಜ್ವಾಲಾಮುಖಿ ತಯಾರು! ಅದಕ್ಕೆ ಮಾರ್ಕ್ಸೂ ಬೀಳ್ತಾವ. ಆ ಮಾರ್ಕ್ಸ್ ನಿಮ್ಮವು, ಮಗುವಿನವಲ್ಲ.

ಕೈಯಿಂದ ಮಾಡಿ ಕಲಿಯುವುದು ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಇದನ್ನೇ ಹೇಳಿದರು. ನಂತರ ಇದನ್ನು ಹೆಚ್ಚಾಗಿ ಉಳಿಸಿಕೊಂಡವು ಸ್ವತಂತ್ರವಾಗಿ ನಡೆಯುವ ಕೆಲವು ಶಾಲೆಗಳು. ಆಂಧ್ರದ ಮದನಪಲ್ಲಿ ಹತ್ತಿರ ರಿಷಿ ವ್ಯಾಲಿ ಅಂತ ಒಂದು ಶಾಲೆ ಇದೆ. ಜೆ. ಕೃಷ್ಣಮೂರ್ತಿಯವರ ವಿಚಾರದಿಂದ ಬೆಳೆದದ್ದು. ಅಲ್ಲಿಯ ಫೀ ನಮ್ಮ ನಿಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೆ ಆ ಶಾಲೆಯವರು ಸುತ್ತಲಿನ ಹಳ್ಳಿಗಳಲ್ಲಿ ಬಡಮಕ್ಕಳಿಗಾಗಿ ಸಣ್ಣ ಸಣ್ಣ ಶಾಲೆಗಳನ್ನು ಮಾಡಿದರು. ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಕೈಯಲ್ಲಿ ಚಿತ್ರದ ಕಾರ್ಡು, ಗೋಡೆಗೆ ಕಲಿಕೆಯ ಏಣಿ. ಒಂದು ಮೆಟ್ಟಿಲು ಬಂದ ಮೇಲೆ ಮುಂದಿನ ಮೆಟ್ಟಿಲು. ಜ್ವರ ಬಂದು ಎಂಟು ದಿನ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡಬಹುದು.

ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ತಾಲೂಕಿನಲ್ಲಿ ಶುರು ಮಾಡಿದರು. ಅದೇ ನೋಡ್ರಿ ನಲಿ-ಕಲಿ. ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಅದು ಬಂತು. ಅಂದರೆ ದೊಡ್ಡವರ ಮಕ್ಕಳ ಶಾಲೆಯಲ್ಲಿ ಹುಟ್ಟಿದ ವಿಚಾರ ನಿಮ್ಮೂರ ಸರ್ಕಾರಿ ಶಾಲೆಗೆ ಬಂದಿದೆ, ಅದೂ ಫೀ ಇಲ್ಲದೆ. ಕಾರ್ಡುಗಳು ಮಕ್ಕಳ ಕೈಯಲ್ಲಿವೆಯೋ, ಕಪಾಟಿನಲ್ಲಿವೆಯೋ, ಅದನ್ನು ನೀವು ಹೋಗಿ ನೋಡಬೇಕು.

ಹತ್ತಿರ ಅಂದರೆ ಧಾರವಾಡದಲ್ಲಿ ಡಾ. ಸಂಜೀವ ಕುಲಕರ್ಣಿಯವರು ಕಟ್ಟಿದ ಬಾಲಬಳಗ ಶಾಲೆ ಇದೆ. ಅವರು ವೃತ್ತಿಯಿಂದ ವೈದ್ಯರು. ಕನ್ನಡದಲ್ಲೇ, ಮಾಡಿ ನೋಡಿ ಕಲಿಯುವ ಶಾಲೆ ಬೇಕೆಂದು ಮಾಡಿದರು.

"ಸಿಸ್ಟರ್, ಬರೇ ಆಟ ಆಡಿಸ್ತಾರ, ಬರಸೂದೇ ಇಲ್ಲ" ಅಂತ ನಿಮ್ಮಲ್ಲಿ ಬಹಳ ಮಂದಿ ಹೇಳ್ತೀರಿ. ಆ ದೂರು ಪೂರ್ತಿ ಸುಳ್ಳಲ್ಲ. ಕೈ ಮಾಡಿದ್ದನ್ನು ಬಾಯಿ ಹೇಳಬೇಕು, ಆಮೇಲೆ ಪೆನ್ಸಿಲ್ ಬರೆಯಬೇಕು. ಇಲ್ಲದಿದ್ದರೆ ಅದು ಆಟಕ್ಕೇ ನಿಲ್ಲುತ್ತದೆ. ಒಂದು ಉದಾಹರಣೆ ಹೇಳ್ತೀವಿ. ಪಂಚಮಿಗೆ ಜೋಕಾಲಿ ಕಟ್ಟುತ್ತೀರಲ್ಲ, ಅದೊಂದು ದೊಡ್ಡ ಪಾಠ. ಒಂದು ಮೀಟರ್ ದಾರಕ್ಕೆ ಸಣ್ಣ ಕಲ್ಲು ಕಟ್ಟಿ ತೂಗುಬಿಟ್ಟು, ಮೆಲ್ಲಗೆ ತೂಗಿಸಿರಿ. ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 30 ಸಲ ಹೋಗಿ ಬರುತ್ತದೆ. ಕಲ್ಲು ಬದಲಿಸಿ ಭಾರದ್ದು ಕಟ್ಟಿರಿ, ಆಗಲೂ 30! ಮಕ್ಕಳು ನಂಬೂದಿಲ್ಲ, ಮತ್ತೆ ಎಣಿಸ್ತಾರ. ಈಗ ದಾರವನ್ನು ಕಾಲು ಭಾಗ ಮಾಡಿರಿ, ಅಂದರೆ 25 ಸೆಂಟಿಮೀಟರ್. 60 ಸಲ ಆಗುತ್ತದೆ. ಯಾಕೆ ಅಂತ ಮಗು ಕೇಳ್ತದಲ್ಲ, ಪಾಠ ಶುರುವಾಗುವುದು ಅಲ್ಲಿಂದ. ಎಣಿಸಿದ್ದನ್ನು ಪಟ್ಟಿ ಹಾಕಿ ಬರೆಸಿದರೆ ಪ್ರಾಜೆಕ್ಟ್ ಆಯಿತು. ಖರ್ಚು ಎಷ್ಟು ನೀವೇ ಹೇಳ್ರಿ.

ಶೇಕಡಾ ಲೆಕ್ಕ ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ ಅಂತೀರಿ. ಹಿಂಗಾರಿ ಜೋಳ ಬಿತ್ತುವ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿಡಲಿ. ನಾಲ್ಕೈದು ದಿನಕ್ಕೆ ಬಿಚ್ಚಿ ಮೊಳಕೆ ಎಣಿಸಲಿ. 85 ಮೊಳೆತರೆ ಶೇಕಡಾ 85. ಮಗುವಿಗೆ ಲೆಕ್ಕ ಬಂತು, ಬೀಜ ಒಳ್ಳೆಯದೋ ಅಲ್ಲವೋ ಅಂತ ಅಪ್ಪನಿಗೂ ಗೊತ್ತಾಯ್ತು.

ಕೌದಿಯ ಮಾತು ನಮಗೆ ಬಹಳ ಇಷ್ಟ. ಹಳೇ ಸೀರೆಯ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ. ಆ ತ್ರಿಕೋನಗಳನ್ನು ಎಷ್ಟು ರೀತಿ ಕೂಡಿಸಬಹುದು? ಒಂದು ಕೌದಿಗೆ ಎಷ್ಟು ತುಂಡು ಬೇಕು? ನಿಮ್ಮ ಅತ್ತಿಗೆ, ಅಜ್ಜಿಗೆ ಇದು ಲೆಕ್ಕದ ಪುಸ್ತಕ ನೋಡದೇ ಗೊತ್ತು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯ್ದವರ ಮನೆಗಳಿವೆ. ಒಂದು ಅಂಚಿಗೆ ಎಷ್ಟು ಎಳೆ ಎಂದು ಮಗು ಹೋಗಿ ಕೇಳಿ ಬರಲಿ. ಸಹಕಾರದ ಪಾಠ ಬಂದಾಗ 1905ರಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘದ ಹೆಸರು ಹೇಳುತ್ತಾರೆ. ಅದರ ಜೊತೆಗೆ ನಿಮ್ಮ ಸಂಘದ ಉಳಿತಾಯದ ಪುಸ್ತಕವನ್ನೂ ಏಳನೆತ್ತೆಯ ಮಕ್ಕಳ ಮುಂದೆ ಬಿಚ್ಚಿರಿ. ಬಡ್ಡಿ ಲೆಕ್ಕ ಅವರೇ ಮಾಡಲಿ. ತಪ್ಪಿದ್ದರೆ ಹಿಡಿದೂ ಕೊಟ್ಟಾರು, ಹುಷಾರು!

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೈಕೆಲಸದಿಂದ ಕಲಿಯುವುದು ಬೇರೆ, ಹೆಣ್ಣುಮಗುವನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸುವುದು ಬೇರೆ. "ಸಿಸ್ಟರೇ ಹೇಳ್ಯಾರ, ಕೆಲಸ ಮಾಡಿದ್ರ ಕಲೀತಾವ ಅಂತ" ಎಂದು ನಾಳೆ ಯಾರೂ ಹೇಳಬಾರದು. ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ. ನೂರು ಕಾಳು ಎಣಿಸುವ ಹುಡುಗಿ ಕಲಿಯುತ್ತಾಳೆ. ದಿನವಿಡೀ ಹತ್ತಿ ಬಿಡಿಸುವ ಹುಡುಗಿ ದಣಿಯುತ್ತಾಳೆ, ಅಷ್ಟೆ.

ಇನ್ನು ನಿಮ್ಮ ಹಕ್ಕಿನ ವಿಷಯ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಮಕ್ಕಳು ಚಟುವಟಿಕೆಯಿಂದ, ತಾವೇ ಹುಡುಕಿ ಕಲಿಯಬೇಕು ಎಂದು ಬರೆದಿದೆ. 21ನೇ ಕಲಮಿನ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಅಂತೀವಿ. ಹೆಸರು ನಿಮ್ಮದು, ಸಭೆಗೆ ಹೋಗುವವರು ಯಜಮಾನರು, ಹಿಂಗ ಆಗಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿ ಮಕ್ಕಳು 10 ದಿನ ಬ್ಯಾಗ್ ಇಲ್ಲದೆ ಬಡಿಗ, ಕುಂಬಾರ ಇಂಥವರ ಹತ್ತಿರ ಕಲಿಯಲಿ ಎಂದಿದೆ. ಫೀ ಕಟ್ಟುವ ಶಾಲೆಯಲ್ಲಿ ಆ ಸಮಿತಿ ಇಲ್ಲ. ಆದರೆ ಪಾಲಕರ ಸಭೆ ಇದೆ. ಅಲ್ಲಿ ಒಬ್ಬರೇ ಎದ್ದು ಕೇಳಿದರೆ ಕೂಡ್ರಸ್ತಾರ. ಸಂಘದ ಐದು ಮಂದಿ ಕೂಡಿ ಹೋಗ್ರಿ. "ಪ್ರಾಜೆಕ್ಟನ್ನು ಶಾಲೆಯಲ್ಲೇ, ಮಕ್ಕಳ ಕೈಯಿಂದಲೇ ಮಾಡಿಸಿರಿ, ಮನೆಯಲ್ಲಿ ಸಿಗುವ ಸಾಮಾನಿನಿಂದ ಮಾಡಿಸಿರಿ" ಎಂದು ಮರ್ಯಾದೆಯಿಂದ ಕೇಳ್ರಿ.

ಇವತ್ತು ಬರುವಾಗ ಬಟ್ಟೆಯ ತುಂಡು, ದಾರ ತರ್ರಿ ಅಂತ ಹೇಳಿದ್ದೆವು. ತಂದವರು ಮಕ್ಕಳನ್ನು ಕರಕೊಂಡು ಮುಂದೆ ಬರ್ರಿ. ಕತ್ತರಿ ಮಾತ್ರ ಮಕ್ಕಳ ಕೈಯಲ್ಲಿ ಕೊಡ್ರಿ, ನೀವು ಹಿಡೀಬ್ಯಾಡ್ರಿ.