ಬೆನ್ನಿಗೆ ಬಿದ್ದ ಪೆಟ್ಟು



ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲವನ್ನೂ ಉಂಡ ಬಡಕಲು ಹುಡುಗ. ಅದೇ ಹುಡುಗ ಮುಂದೆ ದೇಶವಿದೇಶಗಳಿಗೆ ಯೋಗಗುರುವಾದದ್ದು ಎಲ್ಲರಿಗೂ ಗೊತ್ತು. 1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತದಿಂದ ಅವರ ಬೆನ್ನೆಲುಬು, ಭುಜಗಳಿಗೆ ಪೆಟ್ಟಾಯಿತು. ನೀರು ಕುಡಿದಷ್ಟು ಸಲೀಸಾಗಿ ಹಾಕುತ್ತಿದ್ದ ಆಸನಗಳು ಕೈಕೊಟ್ಟವು. ಇನ್ನೊಬ್ಬರಾಗಿದ್ದರೆ ಪಾಠ ಹೇಳುತ್ತಾ ಕೂತುಬಿಡುತ್ತಿದ್ದರೇನೋ. ಅವರು ಹೊಸಬರಂತೆ ಮತ್ತೆ ಅಭ್ಯಾಸಕ್ಕೆ ಇಳಿದರು, ವರ್ಷಗಳೇ ಹಿಡಿದವು.

ಅವರ ಪದ್ಧತಿಯಲ್ಲಿ ನನಗೆ ಹಿಡಿಸುವುದು ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ. ಬಗ್ಗಿದಾಗ ಕೈ ನೆಲ ಮುಟ್ಟದೇ? ಅಂಗೈ ಕೆಳಗೆ ಇಟ್ಟಿಗೆ ಇಟ್ಟುಕೊಳ್ಳಿ, ಅಷ್ಟೇ. ಅದರಲ್ಲಿ ನಾಚಿಕೆ ಏನು ಬಂತು!

ಪೆಟ್ಟಾದ ಮೇಲೂ ಅವರು ಅಭ್ಯಾಸಕ್ಕೆ ಮರಳಿದರು; ನಮ್ಮಲ್ಲಾದರೋ ಸೊಂಟ ಹಿಡಿಯಿತೆಂದರೆ ವಾರಗಟ್ಟಲೆ ಮಲಗಿಸುವ ರೂಢಿಯಿತ್ತು. ಸಾಮಾನ್ಯ ಬೆನ್ನುನೋವಿಗೆ ಈಗ ವೈದ್ಯರು ಹಾಗೆ ಹೇಳುವುದಿಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ದೊಡ್ಡವರಲ್ಲಿ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ; ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬಂದದ್ದೇ ಅದರ ಆಹಾರ, ಮೈ ಆಡುತ್ತಿದ್ದರೆ ಅದಕ್ಕೆ ಅನುಕೂಲ. ಮಲಗಿಯೇ ಇದ್ದರೆ ಬೆನ್ನನ್ನು ಹೊರುವ ಸ್ನಾಯುಗಳೂ ಸೊರಗುತ್ತವೆ. ಹಾಗಾಗಿ ಬೀದಿಯ ತುದಿವರೆಗಾದರೂ ನಡೆಯಿರಿ. ನಾಳೆ ಇನ್ನೊಂದು ಬೀದಿ. ಗ್ಯಾಸ್ ಸಿಲಿಂಡರ್ ಎತ್ತುವ ಶೌರ್ಯ ಮಾತ್ರ ಸದ್ಯಕ್ಕೆ ಬೇಡ.

ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.